ಬಡಿಸುವವರೂ ಜೊತೆಗೆ ಕುಳಿತು ಉಣ್ಣುವ ಊಟ

ಮನೆಯಲ್ಲಿಯೇ ಇಬ್ಬರಿಗಾಗಿ ವಿಶೇಷವಾದ ರಾತ್ರಿಯೂಟವೊಂದನ್ನು ಸಿದ್ಧಪಡಿಸುವುದು ಹೇಗೆ ಎಂದು ಕೇಳಿ ಓದುಗರು ಬರೆದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಹೆಸರು ಪ್ರಕಟಿಸಬಾರದೆಂದು ಹಲವರು ಕೋರಿರುವುದರಿಂದ ಎಲ್ಲ ಪ್ರಶ್ನೆಗಳಿಗೂ ಊರಿನ ಹೆಸರನ್ನು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ಮುಂದಿನ ತಿಂಗಳು ನಮ್ಮ ಮದುವೆಯ ವಾರ್ಷಿಕೋತ್ಸವ. ಪ್ರತಿ ವರ್ಷ ಹೋಟೆಲಿಗೆ ಹೋಗುತ್ತಿದ್ದೆವು. ಈ ಸಲ ನಾನೇ ಅಡುಗೆ ಮಾಡಿ ಹೆಂಡತಿಗೆ ಬಡಿಸಬೇಕೆಂಬ ಆಸೆಯಿದೆ. ನನಗೆ ಬರುವುದು ಅನ್ನ, ಬೇಳೆ ಸಾರು ಮತ್ತು ಒಂದೆರಡು ಪಲ್ಯ ಮಾತ್ರ. ನಾವು ಸಸ್ಯಾಹಾರಿಗಳು. ಅವಳ ತವರು ವಿಜಯಪುರ, ಅಲ್ಲಿಯ ಊಟವೆಂದರೆ ಅವಳಿಗೆ ಪ್ರಾಣ. ಪಾಸ್ತಾ, ಪನೀರ್ ಮುಂತಾದುವನ್ನು ಕಲಿತು ಮಾಡಲೇ, ಅಥವಾ ಮನೆಯ ಅಡುಗೆಯನ್ನೇ ಮಾಡಲೇ? (ಬೆಂಗಳೂರು)

ಉತ್ತರ: ನಿಮ್ಮ ಪತ್ನಿಗೆ ಪ್ರಿಯವಾದದ್ದು ಯಾವುದೆಂದು ನೀವೇ ಬರೆದಿದ್ದೀರಿ. ವಿಜಯಪುರದ ಊಟವನ್ನೇ ಮಾಡಿ. ಹೋಟೆಲಿನ ಪಾಸ್ತಾವನ್ನು ಮನೆಯಲ್ಲಿ ಮಾಡಿದರೆ ಅದನ್ನು ಹೋಟೆಲಿನದರೊಂದಿಗೆ ಹೋಲಿಸಿ ನೋಡುವ ಮನಸ್ಸಾಗುತ್ತದೆ; ತವರಿನ ರುಚಿಯನ್ನು ಗಂಡ ಕಲಿತು ಮಾಡಿದನೆಂದರೆ ಅಲ್ಲಿ ಹೋಲಿಕೆಯ ಪ್ರಶ್ನೆಯೇ ಏಳುವುದಿಲ್ಲ.

ಆದರೆ ಯಾವ ಪದಾರ್ಥ ಎಂಬುದಕ್ಕಿಂತ ಮೊದಲು ನಿರ್ಧರಿಸಬೇಕಾದ ಸಂಗತಿಯೊಂದಿದೆ. ನಮ್ಮ ಮನೆಗಳಲ್ಲಿ ದೋಸೆ, ಚಪಾತಿ, ಪೂರಿ, ಬಿಸಿ ರೊಟ್ಟಿ ಇವೆಲ್ಲ ಒಂದೊಂದಾಗಿ ಒಲೆಯಿಂದ ತಟ್ಟೆಗೆ ಬರುವಂಥವು. ಹೀಗಾಗಿ ಮಾಡುವವರು ಹಂಚಿನ ಮುಂದೆ ನಿಂತೇ ಇರಬೇಕಾಗುತ್ತದೆ, ಉಳಿದವರು ಕೈ ತೊಳೆದ ಮೇಲೆ ತಾವೊಬ್ಬರೇ ಕುಳಿತು ಮಿಕ್ಕದ್ದನ್ನು ಉಣ್ಣಬೇಕಾಗುತ್ತದೆ. ಬಹುಪಾಲು ಮನೆಗಳಲ್ಲಿ ವರ್ಷವಿಡೀ ಹೀಗೆ ಕೊನೆಗೆ ಉಣ್ಣುವವಳು ಹೆಂಡತಿ. ಆ ಒಂದು ರಾತ್ರಿ ಅವಳ ಜಾಗದಲ್ಲಿ ನೀವು ಹಂಚಿನ ಮುಂದೆ ನಿಂತು, ಅವಳು ಒಬ್ಬಳೇ ಮೇಜಿನಲ್ಲಿ ಕುಳಿತು ಉಂಡರೆ, ಅದು ಇಬ್ಬರ ಊಟ ಆಗುವುದಿಲ್ಲ. ಆದ್ದರಿಂದ ಮೊದಲೇ ಮಾಡಿಟ್ಟರೂ ಕೆಡದ, ಸ್ವಲ್ಪ ಹೊತ್ತು ಇದ್ದರೆ ಇನ್ನಷ್ಟು ರುಚಿಯಾಗುವ ಪದಾರ್ಥಗಳನ್ನೇ ಆರಿಸಿಕೊಳ್ಳಬೇಕು ಮತ್ತು ಊಟಕ್ಕೆ ಕುಳಿತ ಮೇಲೆ ಇಬ್ಬರಲ್ಲಿ ಯಾರೂ ಅಡುಗೆಮನೆಗೆ ಎದ್ದು ಹೋಗುವಂತಿರಬಾರದು. ಈ ಅಂಕಣದಲ್ಲಿ ಮುಂದೆ ಕೊಡುವ ಸಲಹೆಗಳೆಲ್ಲ ಇದನ್ನೇ ಆಧರಿಸಿವೆ.

ವಿಜಯಪುರದ ಊಟ ಇದಕ್ಕೆ ಹೇಳಿ ಮಾಡಿಸಿದಂತಿದೆ. ಜೋಳದ ಖಡಕ್ ರೊಟ್ಟಿ ವಾರಗಟ್ಟಲೆ ಇಡುವ ಪದಾರ್ಥ. ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ತಿನಿಸು ಮಾರುವ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಶೇಂಗಾ ಹೋಳಿಗೆಗಳೂ ಅಲ್ಲಿಯೇ ದೊರೆಯುತ್ತವೆ. ಇವನ್ನು ಕೊಂಡು ತಂದರೆ ಅಡುಗೆ ನಿಮ್ಮದಲ್ಲವೆಂದು ಸಂಕೋಚಪಡಬೇಕಾಗಿಲ್ಲ, ಏಕೆಂದರೆ ಆ ಕಡೆಯ ಮನೆಗಳಲ್ಲಿಯೂ ಇವನ್ನು ಊಟದ ಹೊತ್ತಿಗೆ ಮಾಡದೆ ಮುಂಚಿತವಾಗಿಯೇ ಮಾಡಿ ಡಬ್ಬಿಯಲ್ಲಿ ತುಂಬಿಡುತ್ತಾರೆ. ನಿಮ್ಮ ಶ್ರಮವನ್ನೆಲ್ಲ ಒಂದೇ ಪದಾರ್ಥದ ಮೇಲೆ ಹಾಕಿ: ಬದನೆಕಾಯಿ ಎಣ್ಣೆಗಾಯಿ.

ಇಬ್ಬರಿಗೆ ಸಣ್ಣ, ಎಳೆಯ ಬದನೆಕಾಯಿಗಳು ಎಂಟು, ಅಂದರೆ ಸುಮಾರು 300 ಗ್ರಾಂ ಸಾಕು. ತೊಟ್ಟನ್ನು ಬಿಟ್ಟು ಕೆಳಗಿನಿಂದ ನಾಲ್ಕು ಸೀಳು ಮಾಡಿ, ಕಪ್ಪಾಗದಂತೆ ಉಪ್ಪುನೀರಿನಲ್ಲಿ ಹಾಕಿಡಿ. ನಾಲ್ಕು ದೊಡ್ಡ ಚಮಚ ಶೇಂಗಾ, ಒಂದು ಚಮಚ ಎಳ್ಳು, ಅರ್ಧ ಚಮಚ ಗುರೆಳ್ಳು ಮತ್ತು ಎರಡು ಚಮಚ ಒಣಕೊಬ್ಬರಿ ತುರಿಯನ್ನು ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಒಟ್ಟಿಗೆ ಹುರಿದರೆ ಶೇಂಗಾ ಹುರಿಯುವಷ್ಟರಲ್ಲಿ ಎಳ್ಳು ಹೊತ್ತಿ ಮಸಾಲೆಯೆಲ್ಲ ಕಹಿಯಾಗುತ್ತದೆ. ಹೊಸದಾಗಿ ಕಲಿಯುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಒಂದು ಈರುಳ್ಳಿಯನ್ನು ಕೆಂಪಗೆ ಬಾಡಿಸಿ, ಹುರಿದ ಪದಾರ್ಥಗಳ ಜೊತೆಗೆ ಐದಾರು ಎಸಳು ಬೆಳ್ಳುಳ್ಳಿ, ಸ್ವಲ್ಪ ಹುಣಸೆಹಣ್ಣು, ಅಷ್ಟೇ ಬೆಲ್ಲ, ಉಪ್ಪು ಮತ್ತು ಎರಡು ಚಿಕ್ಕ ಚಮಚ ಮಸಾಲೆ ಖಾರ ಸೇರಿಸಿ ತರಿತರಿಯಾಗಿ ರುಬ್ಬಿಕೊಳ್ಳಿ. ಮಸಾಲೆ ಖಾರ ಮನೆಯಲ್ಲಿಲ್ಲದಿದ್ದರೆ ಬ್ಯಾಡಗಿ ಮೆಣಸಿನಪುಡಿಯೊಂದಿಗೆ ಧನಿಯಾಪುಡಿ ಮತ್ತು ಚಿಟಿಕೆ ಗರಂ ಮಸಾಲೆ ಬಳಸಬಹುದು. ಈ ಮಸಾಲೆಯನ್ನು ಕಾಯಿಗಳಲ್ಲಿ ತುಂಬಿ, ನಾಲ್ಕು ಚಮಚ ಎಣ್ಣೆಯ ಒಗ್ಗರಣೆಯಲ್ಲಿ ಒಂದೊಂದಾಗಿ ಇಟ್ಟು ತಿರುವಿ, ಮಿಕ್ಕ ಮಸಾಲೆಯನ್ನೂ ಒಂದು ಲೋಟ ನೀರನ್ನೂ ಹಾಕಿ ಮುಚ್ಚಳ ಮುಚ್ಚಿ. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷಗಳ ಹೊತ್ತಿಗೆ ಎಣ್ಣೆ ಮೇಲೆ ತೇಲಿ ಬರುತ್ತದೆ ಮತ್ತು ತೊಟ್ಟಿನ ಬಳಿ ಚುಚ್ಚಿದ ಚಾಕು ತಡೆಯಿಲ್ಲದೆ ಇಳಿಯುತ್ತದೆ. ಎಣ್ಣೆಯನ್ನು ಕಡಿಮೆ ಮಾಡುವ ಯೋಚನೆಯನ್ನು ಆ ದಿನದ ಮಟ್ಟಿಗೆ ಬದಿಗಿಡಿ.

ಎಂಟು ಗಂಟೆಗೆ ಊಟವಾದರೆ ಆರೂವರೆಗೆ ಎಣ್ಣೆಗಾಯಿ ಮುಗಿದಿರಲಿ. ಒಂದು ಗಂಟೆಯ ಕಾಲ ಹಾಗೆಯೇ ಇದ್ದರೆ ಹುಳಿ, ಬೆಲ್ಲ, ಖಾರ ಕಾಯಿಯೊಳಗೆ ಇಳಿಯುತ್ತವೆ. ಬೆಳಗ್ಗೆಯೇ ಮಾಡುವುದಾದರೆ ಆರಿದ ಕೂಡಲೇ ಫ್ರಿಜ್ಜಿನಲ್ಲಿಡಿ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡುವುದು ಕ್ಷೇಮವಲ್ಲ. ಮತ್ತೆ ಬಿಸಿ ಮಾಡುವಾಗ ಶೇಂಗಾದಿಂದಾಗಿ ಗೊಜ್ಜು ಗಟ್ಟಿಯಾಗಿರುತ್ತದೆಯಾದ್ದರಿಂದ ಕಾಲು ಲೋಟ ಬಿಸಿನೀರು ಬೆರೆಸಿ ಕುದಿಸಿ. ಜೊತೆಗೆ ಎಳೆಯ ಸೌತೆಕಾಯಿ, ಮೂಲಂಗಿ, ಮೆಂತ್ಯದ ಎಳೆ ಸೊಪ್ಪು, ಹಸಿ ಈರುಳ್ಳಿ, ಗಟ್ಟಿ ಮೊಸರು, ಒಂದು ಸಣ್ಣ ಬಟ್ಟಲಿನಲ್ಲಿ ಬೆಣ್ಣೆ ಇರಲಿ. ಕೊನೆಗೆ ಸ್ವಲ್ಪ ಅನ್ನ ಬೇಕೆನಿಸುವುದರಿಂದ ನಿಮಗೆ ಗೊತ್ತಿರುವ ಬೇಳೆ ಸಾರನ್ನೇ ತಿಳಿಯಾಗಿ ಮಾಡಿ. 100 ಗ್ರಾಂ ಅಕ್ಕಿ ಇಬ್ಬರಿಗೂ ಸಾಕಾಗುತ್ತದೆ. ಶೇಂಗಾ ಹೋಳಿಗೆಗೆ ಮೇಲೆ ತುಪ್ಪ.

ಇಷ್ಟನ್ನು ಮುಂಚಿನ ವಾರ ಒಮ್ಮೆ ಮಾಡಿ ನೋಡಲೇಬೇಕು. ವಾರ್ಷಿಕೋತ್ಸವದ ದಿನವೇ ಮೊದಲ ಬಾರಿಗೆ ಮಾಡಲು ಹೊರಟರೆ ನಿಮ್ಮ ಗಮನವೆಲ್ಲ ಬಾಣಲೆಯ ಮೇಲಿರುತ್ತದೆ, ಹೆಂಡತಿಯ ಮೇಲಲ್ಲ. ಮತ್ತೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಮಿಕ್ಸಿ ಜಾರು, ಬಾಣಲೆ, ಕುಕ್ಕರುಗಳನ್ನು ಏಳೂವರೆಯ ಹೊತ್ತಿಗೆ ತೊಳೆದು, ಕಟ್ಟೆ ಒರೆಸಿ, ನೀವು ಸ್ನಾನ ಮಾಡಿ ಬನ್ನಿ. ಗಂಡಸರು ಅಡುಗೆ ಮಾಡಿದ ದಿನ ಸಿಂಕಿನ ತುಂಬ ಪಾತ್ರೆ ಉಳಿಯುತ್ತದೆಂಬ ದೂರು ಅನೇಕ ಮಹಿಳೆಯರದು, ಮತ್ತು ಆ ದೂರು ನ್ಯಾಯವಾದುದು. ಮರುದಿನ ಬೆಳಗ್ಗೆ ಅವಳು ಆ ಪಾತ್ರೆಗಳನ್ನು ತೊಳೆಯಬೇಕಾಗಿ ಬಂದರೆ ನೀವು ಅವಳ ಕೆಲಸವನ್ನು ಕಡಿಮೆ ಮಾಡಲಿಲ್ಲ, ಒಂದು ರಾತ್ರಿ ಮುಂದೂಡಿದಿರಿ ಅಷ್ಟೇ.

ಪ್ರಶ್ನೆ: ಮೇಣದಬತ್ತಿ, ಗುಲಾಬಿಯ ಪಕಳೆ, ಸುವಾಸನೆಯ ದೀಪಗಳು ಇವೆಲ್ಲ ಬೇಕೇ ಬೇಕೇ? (ಮೈಸೂರು)

ಉತ್ತರ: ಬೆಳಕು ಬೇಕು, ಸುವಾಸನೆ ಬೇಡ. ಊಟದ ರುಚಿಯಲ್ಲಿ ಪರಿಮಳದ ಪಾಲು ದೊಡ್ಡದು. ಸುಗಂಧದ ಮೇಣದಬತ್ತಿ, ಅಗರಬತ್ತಿ ಇವು ತುಪ್ಪದ, ಏಲಕ್ಕಿಯ, ಒಗ್ಗರಣೆಯ ಪರಿಮಳವನ್ನು ಮುಚ್ಚಿಬಿಡುತ್ತವೆ. ಮಲ್ಲಿಗೆಯ ಊರಿನವರಿಗೆ ಈ ಮಾತು ಹೇಳುವುದು ಕಷ್ಟವಾದರೂ, ಮಲ್ಲಿಗೆಯನ್ನು ಮುಡಿಯಲ್ಲಿಯೋ ಕೋಣೆಯ ಇನ್ನೊಂದು ಮೂಲೆಯಲ್ಲಿಯೋ ಇಟ್ಟು, ಮೇಜಿನ ಮೇಲೆ ಸೇವಂತಿಗೆಯಂಥ ಹೂವನ್ನು ಗಿಡ್ಡ ಬಟ್ಟಲಿನಲ್ಲಿಡುವುದು ಒಳ್ಳೆಯದು. ಹೂವೂ ದೀಪವೂ ಕುಳಿತವರ ಕಣ್ಣಿನ ಮಟ್ಟಕ್ಕಿಂತ ಕೆಳಗಿರಬೇಕು, ಇಲ್ಲವಾದರೆ ಎದುರಿನವರ ಮುಖವೇ ಕಾಣುವುದಿಲ್ಲ. ಮನೆಯಲ್ಲಿರುವ ಹಿತ್ತಾಳೆಯ ಎರಡು ದೀಪಗಳು ಯಾವ ಮೇಣದಬತ್ತಿಗೂ ಕಡಿಮೆಯಲ್ಲ. ತಲೆಯ ಮೇಲಿನ ಬಿಳಿ ಟ್ಯೂಬ್‌ಲೈಟನ್ನು ಆರಿಸಿ, ಹಳದಿ ಛಾಯೆಯ, ಅಂದರೆ 2700 ಕೆಲ್ವಿನ್ ಎಂದು ಡಬ್ಬಿಯ ಮೇಲೆ ಮುದ್ರಿಸಿರುವ ಎಲ್‌ಇಡಿ ಬಲ್ಬೊಂದನ್ನು ಮೂಲೆಯಲ್ಲಿ ಹಾಕಿದರೆ ತಟ್ಟೆಯ ಪದಾರ್ಥವೂ ಕಾಣುತ್ತದೆ, ಮುಖವೂ ಕಾಣುತ್ತದೆ. ದೀಪ ಹಚ್ಚಿದಾಗ ಫ್ಯಾನಿನ ಗಾಳಿ ಮತ್ತು ಕಿಟಕಿಯ ಪರದೆಗಳ ಬಗ್ಗೆ ಎಚ್ಚರವಿರಲಿ.

ಮೇಜಿಲ್ಲದ ಮನೆಯಲ್ಲಿ ಮಣೆ ಹಾಕಿ, ಬಾಳೆಲೆಯ ಮೇಲೆ ಬಡಿಸಿಕೊಂಡು ಉಣ್ಣುವುದೂ ಅಷ್ಟೇ ಸೊಗಸು. ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಲಿ. ಎಲೆಗಳನ್ನು ಎದುರುಬದುರಾಗಿ ಹಾಕುವುದಕ್ಕಿಂತ ಎರಡು ಗೋಡೆ ಸೇರುವ ಮೂಲೆಯಲ್ಲಿ ಒಂದಕ್ಕೊಂದು ಅಡ್ಡಲಾಗಿ ಹಾಕಿದರೆ ಇಬ್ಬರಿಗೂ ಬಟ್ಟಲುಗಳು ಕೈಗೆ ಸಿಗುತ್ತವೆ, ಮಾತಿಗೂ ಹತ್ತಿರವಾಗುತ್ತದೆ.

ಪ್ರಶ್ನೆ: ನಮ್ಮವರು ಗಲ್ಫ್‌ನಲ್ಲಿ ಕೆಲಸದಲ್ಲಿದ್ದು, ರಜೆಯ ಮೇಲೆ ಜೂನ್ ಕೊನೆಯಲ್ಲಿ ಬರುತ್ತಿದ್ದಾರೆ. ಬಂದ ದಿನ ಮನೆಯಲ್ಲಿ ನೆಂಟರಿರುತ್ತಾರೆ. ಮರುದಿನ ರಾತ್ರಿ ನಾವಿಬ್ಬರೇ. ಅವರಿಗೆ ಮೀನೆಂದರೆ ಇಷ್ಟ. ಏನೇನು ಮಾಡಬಹುದು? (ಮಂಗಳೂರು)

ಉತ್ತರ: ತಿಂಗಳನ್ನು ಬರೆದದ್ದು ಒಳ್ಳೆಯದಾಯಿತು. ಕರ್ನಾಟಕದ ಕರಾವಳಿಯಲ್ಲಿ ಮೀನುಗಳ ಸಂತಾನಾಭಿವೃದ್ಧಿಗಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ತಾಜಾ ಮೀನು ಕಡಿಮೆ, ಬೆಲೆ ಹೆಚ್ಚು. ಮಾರುಕಟ್ಟೆಯಲ್ಲಿ ಮಂಜುಗಡ್ಡೆಯಲ್ಲಿಟ್ಟು ಹೊರಗಿನಿಂದ ತಂದ ಮೀನೂ ಇರುತ್ತದೆ. ಆದ್ದರಿಂದ ಊಟದ ಮುಖ್ಯ ಪದಾರ್ಥ ಮೀನಾಗಿರಬೇಕೆಂದು ಹಟ ಹಿಡಿಯದೆ, ಕೋರಿ ರೊಟ್ಟಿಯನ್ನು ಮುಖ್ಯವಾಗಿಟ್ಟುಕೊಳ್ಳಿ. ನಾಡದೋಣಿಯವರು ತಂದ ಒಳ್ಳೆಯ ಮೀನು ಸಿಕ್ಕಿದರೆ ಇಬ್ಬರಿಗೆ ಎರಡೋ ನಾಲ್ಕೋ ಮೀನು ಹುರಿದರಾಯಿತು, ಸಿಗದಿದ್ದರೆ ಊಟಕ್ಕೆ ಕೊರತೆಯೇನೂ ಆಗುವುದಿಲ್ಲ.

ಕೋರಿ ಗಸಿಯನ್ನು ಮಧ್ಯಾಹ್ನವೇ ಮಾಡಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು, ರಾತ್ರಿ ಚೆನ್ನಾಗಿ ಕುದಿಸಿ. ತೆಂಗಿನ ಮೊದಲ ಹಾಲನ್ನು ಮಾತ್ರ ಈ ಎರಡನೆಯ ಬಿಸಿಯ ಕೊನೆಯಲ್ಲಿ ಸೇರಿಸಿ, ಕುದಿ ಬರುವ ಮುನ್ನವೇ ಇಳಿಸಿ. 500 ಗ್ರಾಂ ಕೋಳಿ ಇಬ್ಬರಿಗೆ ಧಾರಾಳ. ರೊಟ್ಟಿ ಒಣಗಿದ್ದೇ ಆದ್ದರಿಂದ ಕೊಂಡು ತಂದು ಇಟ್ಟುಕೊಳ್ಳಬಹುದು, ಆದರೆ ಜೂನಿನ ಮಳೆಗೆ ಅದು ಬೇಗ ಮೆತ್ತಗಾಗುತ್ತದೆ. ಕಟ್ಟನ್ನು ಒಡೆಯುವುದು ಊಟಕ್ಕೆ ಕುಳಿತ ಮೇಲೆಯೇ ಇರಲಿ. ಗಸಿಯನ್ನು ರೊಟ್ಟಿಯ ಮೇಲೆ ಸುರಿದು ತಂದಿಡದೆ ಬೇರೆ ಪಾತ್ರೆಯಲ್ಲಿಡಿ, ಅವರವರಿಗೆ ಎಷ್ಟು ಗರಿಗರಿ ಬೇಕೋ ಅಷ್ಟಕ್ಕೆ ಹಾಕಿಕೊಳ್ಳಲಿ.

ಮೀನು ಹುರಿಯುವುದು ಮಾತ್ರ ಕೊನೆಯ ಗಳಿಗೆಯ ಕೆಲಸವೇ. ಸಂಜೆಯೇ ಮಸಾಲೆ ಹಚ್ಚಿ ಫ್ರಿಜ್ಜಿನಲ್ಲಿಟ್ಟಿದ್ದರೆ ಕಾವಲಿಯ ಮೇಲೆ ಒಂದೊಂದು ಬದಿಗೆ ಮೂರು ನಾಲ್ಕು ನಿಮಿಷ ಸಾಕು. ಆ ಹತ್ತು ನಿಮಿಷ ಅವರನ್ನೂ ಅಡುಗೆಮನೆಗೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ತಿಂಗಳುಗಟ್ಟಲೆ ಫೋನಿನಲ್ಲಿಯೇ ಮಾತನಾಡಿದವರಿಗೆ ಮೀನು ಹುರಿಯುವಾಗಿನ ಮಾತೂ ಊಟದ ಭಾಗವೇ. ಕುಡಿಯಲು ಪುನರ್ಪುಳಿಯ ಶರಬತ್ತನ್ನು ಮಧ್ಯಾಹ್ನವೇ ಮಾಡಿಟ್ಟಿರಿ. ಅವರು ದೂರದ ಪ್ರಯಾಣ ಮುಗಿಸಿ ಬಂದಿರುವುದರಿಂದ ಊಟ ಎಂಟು ಗಂಟೆಯನ್ನು ದಾಟದಿರಲಿ.

ಪ್ರಶ್ನೆ: ಎರಡು ಕೋಣೆಯ ಮನೆ. ಅತ್ತೆ, ಮಾವ ನಮ್ಮ ಜೊತೆಗಿದ್ದಾರೆ. ಇಬ್ಬರೇ ಕುಳಿತು ಊಟ ಮಾಡಬೇಕೆಂದರೆ ಅವರು ಏನೆಂದುಕೊಳ್ಳುವರೋ ಎಂಬ ಅಳುಕು. ಅವರು ಮಲಗಿದ ಮೇಲೆ ಗೊತ್ತಾಗದಂತೆ ಮಾಡಬಹುದೇ? (ದಾವಣಗೆರೆ)

ಉತ್ತರ: ಗೊತ್ತಾಗದಂತೆ ಮಾಡಬೇಡಿ. ಬಚ್ಚಿಟ್ಟು ಉಣ್ಣುವ ಊಟದಲ್ಲಿ ಕಿವಿಯೆಲ್ಲ ಪಕ್ಕದ ಕೋಣೆಯ ಬಾಗಿಲ ಕಡೆಗೇ ಇರುತ್ತದೆ, ಮರುದಿನ ತಿಳಿದರೆ ಹಿರಿಯರಿಗೆ ನಿಜವಾಗಿಯೂ ನೋವಾಗುತ್ತದೆ. ನೇರವಾಗಿ ಹೇಳಿ, ಆದರೆ ಹೇಳಬೇಕಾದವರು ನೀವಲ್ಲ, ನಿಮ್ಮ ಯಜಮಾನರು. "ಅಮ್ಮಾ, ಈ ಶನಿವಾರ ನಾವಿಬ್ಬರೂ ಮಾಳಿಗೆಯ ಮೇಲೆ ಊಟ ಮಾಡುತ್ತೇವೆ" ಎಂದು ಮಗನೇ ತಾಯಿಗೆ ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಅದೇ ಮಾತನ್ನು ಸೊಸೆ ಹೇಳಬೇಕಾಗಿ ಬಂದರೆ ಅದಕ್ಕೆ ಇಲ್ಲದ ಅರ್ಥಗಳು ಹುಟ್ಟಿಕೊಳ್ಳುತ್ತವೆ, ಮತ್ತು ಆ ಭಾರವನ್ನು ನೀವು ಹೊರಬೇಕಾದ ಕಾರಣವಿಲ್ಲ.

ಅಡುಗೆಯನ್ನು ಎರಡು ಬಗೆ ಮಾಡಬೇಡಿ. ನೀವು ಉಣ್ಣುವುದನ್ನೇ ನಾಲ್ವರಿಗೂ ಮಾಡಿ, ಅತ್ತೆ ಮಾವನವರಿಗೆ ಅವರ ಎಂದಿನ ಹೊತ್ತಿಗೆ ಇಬ್ಬರೂ ಸೇರಿ ಬಡಿಸಿ, ಆಮೇಲೆ ನಿಮ್ಮ ಪಾಲನ್ನು ಮೇಲಕ್ಕೆ ಒಯ್ಯಿರಿ. ದಾವಣಗೆರೆಯವರಿಗೆ ಬೆಣ್ಣೆದೋಸೆಯ ಆಸೆಯಾಗುವುದು ಸಹಜವಾದರೂ ಅದು ಹಂಚಿನಿಂದ ನೇರವಾಗಿ ತಿನ್ನಬೇಕಾದ ಪದಾರ್ಥ. ಹಾಟ್‌ಬಾಕ್ಸಿನಲ್ಲಿ ಚೆನ್ನಾಗಿರುವ ವಾಂಗಿಬಾತ್ ಅಥವಾ ಮೆಂತ್ಯಬಾತ್, ಜೊತೆಗೆ ಸೌತೆಕಾಯಿ ಮೊಸರುಬಜ್ಜಿ, ತಣ್ಣಗಿನ ಶಾವಿಗೆ ಪಾಯಸ ಇಷ್ಟಿದ್ದರೆ ಒಂದೇ ಸಲಕ್ಕೆ ಎಲ್ಲವನ್ನೂ ಕೊಂಡೊಯ್ಯಬಹುದು. ಪಾಯಸಕ್ಕೆ ಅರ್ಧ ಲೀಟರ್ ಹಾಲಿಗೆ 40 ಗ್ರಾಂಗಿಂತ ಹೆಚ್ಚು ಶಾವಿಗೆ ಹಾಕಬೇಡಿ, ತಣ್ಣಗಾದಾಗ ಮುದ್ದೆಯಾಗುತ್ತದೆ. ನಾಲ್ವರಿಗಾದರೆ ಒಂದು ಲೀಟರಿಗೆ 80 ಗ್ರಾಂ. ಮಾಳಿಗೆಯಿಲ್ಲದಿದ್ದರೆ ಬೇರೆ ಹೊತ್ತನ್ನು ಯೋಚಿಸಿ. ಹಿರಿಯರು ದೇವಸ್ಥಾನಕ್ಕೋ ನೆಂಟರ ಮನೆಗೋ ಹೋದ ಭಾನುವಾರ ಮಧ್ಯಾಹ್ನವೂ ಆದೀತು.

ಪ್ರಶ್ನೆ: ಮೂರು ವರ್ಷದ ಮಗುವಿದೆ. ಯಾವಾಗ ಏಳುವುದೆಂದು ಹೇಳಲಾಗದು. (ಹಾಸನ)

ಉತ್ತರ: ಮಗುವಿಗೆ ಉಣ್ಣಿಸಿ ಮಲಗಿಸಿದ ಮೇಲೆಯೇ ಕುಳಿತುಕೊಳ್ಳಿ, ನಡುವೆ ಅರ್ಧ ಗಂಟೆ ಏಳಬೇಕಾಗಿ ಬಂದರೂ ಕೆಡದ ಊಟವನ್ನು ಆರಿಸಿ. ಕಡುಬು ಮತ್ತು ಅವರೆಕಾಳಿನ ಸಾರು ನಿಮ್ಮ ಕಡೆಗೆ ಹೊಂದುತ್ತವೆ; ಕಡುಬನ್ನು ಹಬೆಯ ಪಾತ್ರೆಯಲ್ಲಿಯೇ ಒಲೆ ಆರಿಸಿ ಬಿಟ್ಟಿದ್ದರೆ ಬೆಚ್ಚಗೆ, ಮೆತ್ತಗೆ ಇರುತ್ತದೆ. ಮಗು ಎದ್ದರೆ ಹೋಗುವವರು ಯಾರೆಂದು ಮೊದಲೇ ಮಾತಾಡಿಕೊಂಡಿರಿ.

ಪ್ರಶ್ನೆ: ನಾನು ಮ್ಯೂನಿಕ್‌ನಲ್ಲಿದ್ದೇನೆ. ಪತ್ನಿ ಜರ್ಮನಿಯವಳು. ನಮ್ಮ ಅಡುಗೆಯ ರುಚಿ ತೋರಿಸಬೇಕೆಂದಿದ್ದೇನೆ. ಆದರೆ ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗುತ್ತದೆ, ಅವಳಿಗೆ ಖಾರ ಆಗದು. (ಜರ್ಮನಿ)

ಉತ್ತರ: ಎರಡಕ್ಕೂ ಕರಾವಳಿಯ ನೀರುದೋಸೆ ಮತ್ತು ಮಜ್ಜಿಗೆಹುಳಿ ಒಳ್ಳೆಯ ಪರಿಹಾರ. ನೀರುದೋಸೆಯ ಹಿಟ್ಟು ಹುಳಿ ಬರಬೇಕಾಗಿಲ್ಲವಾದ್ದರಿಂದ ಅಲ್ಲಿಯ ಚಳಿ ಅಡ್ಡಿಯಾಗದು. ಒಂದು ಲೋಟ ಬೆಳ್ತಿಗೆ ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿ, ಕಾಲು ಲೋಟ ತೆಂಗಿನ ತುರಿಯೊಂದಿಗೆ ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಿ. ದೋಸೆಗಳ ಗುಂಪಿನಲ್ಲಿ ಇದೊಂದು ಅಪವಾದ: ಹಂಚಿನಿಂದ ತೆಗೆದು ಒಂದು ನಿಮಿಷ ಆರಲು ಬಿಟ್ಟು, ಮಡಚಿ, ಬಟ್ಟೆ ಮುಚ್ಚಿದ ಪಾತ್ರೆಯಲ್ಲಿಟ್ಟರೆ ಅರ್ಧ ಗಂಟೆಯ ನಂತರವೂ ಮೆತ್ತಗಿರುತ್ತದೆ. ಬಿಸಿಯಾಗಿರುವಾಗಲೇ ಒಂದರ ಮೇಲೊಂದು ಹಾಕಿದರೆ ಅಂಟಿಕೊಳ್ಳುತ್ತವೆ. ಎಲ್ಲವನ್ನೂ ಹೊಯ್ದು ಮುಗಿಸಿ ಇಬ್ಬರೂ ಒಟ್ಟಿಗೆ ಕುಳಿತುಕೊಳ್ಳಬಹುದು.

ಮಜ್ಜಿಗೆಹುಳಿಗೆ ಬೂದುಗುಂಬಳದ ಬದಲು ಅಲ್ಲಿ ಎಲ್ಲೆಡೆ ಸಿಗುವ ಝುಕಿನಿಯನ್ನು ಬಳಸಿ. ಮಸಾಲೆಗೆ ತೆಂಗಿನಕಾಯಿ, ನೆನೆಸಿದ ಕಡಲೆಬೇಳೆ, ಜೀರಿಗೆ, ಶುಂಠಿ ಪೂರ್ತಿಯಾಗಿರಲಿ, ಹಸಿಮೆಣಸಿನಕಾಯಿ ಮಾತ್ರ ಒಂದು, ಅದೂ ಬೀಜ ತೆಗೆದು. ಖಾರ ತಗ್ಗಿಸುವವರು ಜೀರಿಗೆ, ಶುಂಠಿಗಳನ್ನೂ ತಗ್ಗಿಸಿ ಅಡುಗೆಯನ್ನು ಸಪ್ಪೆ ಮಾಡುತ್ತಾರೆ. ಖಾರ ಬೇರೆ, ಮಸಾಲೆಯ ಪರಿಮಳ ಬೇರೆ. ಮೊಸರು ಹಾಕಿದ ಮೇಲೆ ಕುದಿಸಿದರೆ ಒಡೆಯುತ್ತದೆ. ಗಾಜಿನ ಮೇಲ್ಮೈಯ ವಿದ್ಯುತ್ ಒಲೆ ಆರಿಸಿದ ಮೇಲೂ ಕೆಲವು ನಿಮಿಷ ಕಾವಾಗಿಯೇ ಇರುವುದರಿಂದ ಪಾತ್ರೆಯನ್ನು ಒಲೆಯಿಂದಲೇ ಸರಿಸಿಬಿಡಿ. ಅಲಾರಂ ಕೂಗುವುದು ಹೆಚ್ಚಾಗಿ ಎಣ್ಣೆ ಮಿತಿಮೀರಿ ಕಾದು ಮೆಣಸಿನಕಾಯಿ ಹೊತ್ತಿಕೊಂಡಾಗ. ಒಗ್ಗರಣೆಗೆ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ ಸಿಡಿದ ಕೂಡಲೇ ಪಾತ್ರೆಯನ್ನು ಇಳಿಸಿ, ಕರಿಬೇವನ್ನು ಆಮೇಲೆ ಹಾಕಿ, ಕಿಟಕಿ ತೆರೆದಿಡಿ. ಅಲಾರಮನ್ನು ಕಳಚಿಡುವುದು ಬೇಡ. ಸಿಹಿಗೆ, ಬೆಲ್ಲ ಮತ್ತು ಏಲಕ್ಕಿ ಬೆರೆಸಿದ ತೆಂಗಿನಹಾಲಿನಲ್ಲಿ ಮಿಕ್ಕ ಎರಡು ದೋಸೆಗಳನ್ನು ಅದ್ದಿ ಕೊಡಿ. ಕರಿಬೇವು, ಇಡೀ ಮೆಣಸಿನಕಾಯಿಗಳನ್ನು ಬಡಿಸುವ ಮುನ್ನವೇ ಆರಿಸಿ ತೆಗೆದುಬಿಡಿ, ಅವನ್ನು ಪಕ್ಕಕ್ಕಿಡಬೇಕೆಂಬುದು ಅವರಿಗೆ ಗೊತ್ತಿರಲಾರದು. ಕೈಯಲ್ಲಿ ಉಣ್ಣುವ ಆಸೆ ಅವರಿಗೇ ಬಂದರೆ ತೋರಿಸಿಕೊಡಿ. ಚಮಚ ಅಲ್ಲಿಯೇ ಇರಲಿ.

ಪ್ರಶ್ನೆ: ನಮ್ಮಿಬ್ಬರಿಗೂ ಅರವತ್ತು ದಾಟಿದೆ. ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಪತ್ನಿಯ ಹುಟ್ಟುಹಬ್ಬಕ್ಕೆ ನಾನೇ ಅಡುಗೆ ಮಾಡಬೇಕೆಂದಿದ್ದೇನೆ. ಅವಳಿಗೆ ಸಕ್ಕರೆ ಕಾಯಿಲೆಯಿದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಸಿಹಿಯನ್ನು ಪೂರ್ತಿ ಬಿಡಬೇಕೇ? (ಶಿವಮೊಗ್ಗ)

ಉತ್ತರ: ನಿಮ್ಮ ಪತ್ರವನ್ನು ಓದಿ ಸಂತೋಷವಾಯಿತು. ಪಥ್ಯದ ಊಟವೆಂದು ಅನ್ನಿಸದಂತೆ ಮಲೆನಾಡಿನ ಅಡುಗೆಯಲ್ಲಿಯೇ ಆರಿಸಿಕೊಳ್ಳಬಹುದಾದದ್ದು ಬಹಳವಿದೆ: ಒಂದೆಲಗದ ತಂಬುಳಿ, ಹುರುಳಿಕಾಯಿ ಪಲ್ಯ, ಮೊಳಕೆ ಬರಿಸಿದ ಹೆಸರುಕಾಳಿನ ಉಸಲಿ, ಮಳೆಗಾಲವಾದರೆ ಕಳಲೆಯ ಪಲ್ಯ. ಕಳಲೆಯನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಎರಡು ಮೂರು ದಿನಗಳ ಮೇಲೆ ಚೆನ್ನಾಗಿ ಬೇಯಿಸಿಯೇ ಬಳಸಬೇಕೆಂಬುದನ್ನು ಮರೆಯಬೇಡಿ. ಇವೆಲ್ಲ ಮೊದಲೇ ಮಾಡಿಡುವಂಥವು. ಅಕ್ಕಿ ರೊಟ್ಟಿಯ ಆಸೆಯಿದ್ದರೆ ಊಟಕ್ಕೆ ಸ್ವಲ್ಪ ಮುಂಚೆ ಎರಡನ್ನು ಬೇಯಿಸಿಟ್ಟುಕೊಂಡು, ಅನ್ನವನ್ನು ಕೈಬಿಡಿ. ತರಕಾರಿ ಮತ್ತು ಕಾಳಿನ ಪದಾರ್ಥಗಳನ್ನು ಮೊದಲು ಉಂಡು, ರೊಟ್ಟಿಯನ್ನೋ ಅನ್ನವನ್ನೋ ಆಮೇಲೆ ಉಂಡರೆ ರಕ್ತದ ಸಕ್ಕರೆ ಏರುವ ವೇಗ ತಗ್ಗುತ್ತದೆ.

ಸಿಹಿಯನ್ನು ಪೂರ್ತಿ ಬಿಡಬೇಕೆಂದಿಲ್ಲ, ಆದರೆ ಅಳತೆಯಿರಬೇಕು. ಬೆಲ್ಲ ಹಾಕಿದರೆ ತೊಂದರೆಯಿಲ್ಲವೆಂಬುದು ಸರಿಯಲ್ಲ. ಬೆಲ್ಲವೂ ಸಕ್ಕರೆಯನ್ನು ಏರಿಸುತ್ತದೆ. ರಾಗಿ, ಸಿರಿಧಾನ್ಯಗಳಲ್ಲಿಯೂ ಪಿಷ್ಟವಿದೆ, ಅವಕ್ಕೂ ಅಳತೆ ಬೇಕು. ಗಸಗಸೆ ಪಾಯಸವನ್ನು ಕಡಿಮೆ ಸಿಹಿಯಾಗಿ ಮಾಡಿ, ಚಿಕ್ಕ ಬಟ್ಟಲಿನಲ್ಲಿ ಊಟದ ಕೊನೆಗೆ ಇಬ್ಬರೂ ಅಷ್ಟಷ್ಟೇ ಕುಡಿಯಿರಿ. ನಿಮ್ಮ ಬಟ್ಟಲು ದೊಡ್ಡದಾಗಿ ಅವರದು ಚಿಕ್ಕದಾಗಿರುವುದು ಬೇಡ. ಎಷ್ಟು ಪ್ರಮಾಣ ಆಗಬಹುದೆಂದು ಅವರನ್ನು ನೋಡುವ ವೈದ್ಯರಲ್ಲಿ ಮುಂಚೆಯೇ ಕೇಳಿ.

ಊಟ ಅವರ ಎಂದಿನ ಸಮಯಕ್ಕೇ ಆಗಬೇಕು. ವಿಶೇಷ ದಿನವೆಂದು ಒಂಬತ್ತೂವರೆಯವರೆಗೆ ಕಾಯಿಸುವುದು ಅಪಾಯ. ಊಟಕ್ಕೆ ಮುಂಚಿನ ಇನ್ಸುಲಿನ್ ತೆಗೆದುಕೊಂಡ ಮೇಲೆ ಅಡುಗೆ ತಡವಾದರೆ ಸಕ್ಕರೆ ತೀರ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಆದ್ದರಿಂದ ಎಲ್ಲ ಪದಾರ್ಥಗಳೂ ಸಿದ್ಧವಾಗಿ ಮೇಜಿನ ಮೇಲೆ ಬಂದಿವೆಯೆಂದು ನೋಡಿಕೊಂಡು, ಆಮೇಲೆ ವೈದ್ಯರು ಹೇಳಿದ ಅಂತರದಲ್ಲಿಯೇ ಇನ್ಸುಲಿನ್ ತೆಗೆದುಕೊಳ್ಳುವಂತೆ ಅವರಿಗೆ ಹೇಳಿ.